ಕೋಡಿ ಆಟದ ಡಬ್ಬಿಯ ಮೇಲಿನ ಹೆಸರು

ಒಮ್ಮೆ ಕೋರ್ಟಿನಲ್ಲಿ ಪ್ರಮಾಣ ಮಾಡಿ ತಪ್ಪು ಹೇಳಿದವಳು ನಾನು. ಸುಳ್ಳು ಹೇಳಲಿಲ್ಲ, ತಪ್ಪು ಹೇಳಿದೆ. ಆ ವ್ಯತ್ಯಾಸ ನನಗೆ ಇವತ್ತಿಗೂ ಹೆಚ್ಚು ಸಮಾಧಾನ ಕೊಟ್ಟಿಲ್ಲ. ಆದ್ದರಿಂದ ಇಲ್ಲಿ ಕಣ್ಣಾರೆ ಕಂಡದ್ದನ್ನು ಕಂಡೆ ಎಂದು, ಬೇರೆಯವರ ಬಾಯಿಂದ ಕೇಳಿದ್ದನ್ನು ಕೇಳಿದೆ ಎಂದು ಬೇರೆ ಬೇರೆಯಾಗಿ ಬರೆಯುತ್ತೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಎನ್ನುತ್ತೇನೆ.

ಹಲಸೂರಿನ ನಮ್ಮ ಬೀದಿಯಲ್ಲಿ ಡಿಸೈನ್ ಕಲಿಯುವ ಮಕ್ಕಳು ಈಗ ನಾಲ್ಕೈದು ಜನ ಇದ್ದಾರೆ. ‘ಆಂಟಿ, ಕಂಪ್ಯೂಟರ್ ಇಲ್ದೇ ಹೆಂಗೆ ಮಾಡ್ತಿದ್ರಿ?’ ಎಂದು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ತಂದೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಅವರ ಜೊತೆ ಏಣಿ ಹಿಡಿದು ನಿಂತು ನಾನು ಅಕ್ಷರ ಬರೆಯುವುದನ್ನು ಕಲಿತೆ. ತೊಂಬತ್ತರ ದಶಕ ಶುರುವಾದಾಗ ಶಿವಾಜಿನಗರದ ಒಂದು ಸಣ್ಣ ಪ್ರೆಸ್ಸಿಗೆ ಸೇರಿದೆ. ಬಸ್ ಸ್ಟ್ಯಾಂಡಿನಿಂದ ಐದು ನಿಮಿಷದ ಓಣಿ. ಅಲ್ಲಿ ಹಾವು-ಏಣಿ, ಲೂಡೊ ಮುಂತಾದ ಮನೆಯಾಟಗಳ ರಟ್ಟುಗಳನ್ನು ಅಚ್ಚು ಹಾಕಿ, ಡಬ್ಬಿ ಕಟ್ಟಿ, ಅಂಗಡಿಗಳಿಗೆ ಕಳುಹಿಸುತ್ತಿದ್ದರು. ಮಾಲೀಕರು ರಹಮತ್ ಸಾಹೇಬರು. ಮೇಲಿನ ಮಹಡಿಯಲ್ಲಿ ಅವರ ಮನೆ, ಕೆಳಗೆ ಮಷೀನು. ಮಷೀನು ನಿಂತರೆ ಮೇಲಿನಿಂದಲೇ ‘ಕ್ಯಾ ಹುವಾ?’ ಎಂದು ಕೂಗು ಬರುತ್ತಿತ್ತು.

ನನಗೆ ಕೆಲಸ ಕಲಿಸಿದವರು ಕಾಕ್ಸ್ ಟೌನಿನ ಅರುಳ್ ಸರ್. ಆರ್ಟ್ ವಿಭಾಗಕ್ಕೆ ಮುಖ್ಯಸ್ಥರು. ವಿಭಾಗ ಎಂದರೆ ಅವರು ಮತ್ತು ನಾನು. ಅಂಟು, ಶಾಯಿ, ಬಣ್ಣದ ನಡುವೆ ದಿನವಿಡೀ ಕೂತರೂ ಅವರ ಬಿಳಿ ಅಂಗಿಯ ಮೇಲೆ ಒಂದು ಚುಕ್ಕೆ ಬಿದ್ದದ್ದನ್ನು ನಾನು ನೋಡಲಿಲ್ಲ.

ಆಗ ಕೆಲಸ ಹೀಗಿತ್ತು. ಬಿಳಿ ಕಾಗದದ ಮೇಲೆ ಕಪ್ಪು ಶಾಯಿಯಲ್ಲಿ ಚಿತ್ರ ಬರೆದು, ಅಕ್ಷರ ಅಂಟಿಸಿ, ಅದನ್ನು ದೊಡ್ಡ ಕ್ಯಾಮೆರಾದಲ್ಲಿ ಫಿಲ್ಮ್ ಮಾಡಿಸುತ್ತಿದ್ದೆವು. ಫಿಲ್ಮಿನಲ್ಲಿ ಎಲ್ಲವೂ ತಿರುಗುಮುರುಗು. ಕಾಗದದ ಬಿಳಿ ಕಪ್ಪಾಗುತ್ತಿತ್ತು, ಕಪ್ಪು ಅಕ್ಷರ ಗಾಜಿನಂತೆ ತಿಳಿಯಾಗುತ್ತಿತ್ತು. ಆ ತಿಳಿ ಜಾಗದಿಂದ ಬೆಳಕು ಹಾದು ಪ್ಲೇಟಿನ ಮೇಲೆ ಬಿದ್ದರೆ ಅಕ್ಷರ ಅಚ್ಚಾಗುತ್ತದೆ. ಬೇಡದ ಕಡೆ ಬೆಳಕು ತೂರಿದರೆ ಅಲ್ಲೂ ಚುಕ್ಕೆ ಬೀಳುತ್ತದೆ. ಅದಕ್ಕೆ, ಅಡಿಯಲ್ಲಿ ದೀಪವಿದ್ದ ಗಾಜಿನ ಮೇಜಿನ ಮೇಲೆ ಫಿಲ್ಮನ್ನು ಹಾಸಿ, ಬೇಡವಾದ ಕಡೆಗೆಲ್ಲ ಸಣ್ಣ ಕುಂಚದಿಂದ ಕೆಂಪು ಬಣ್ಣ ಬಳಿದು ಮುಚ್ಚುವುದು ನನ್ನ ಕೆಲಸ. ಅದು ನೀರಿನಲ್ಲಿ ಕಲಸುವ ಬಣ್ಣ. ಒಣಗಿದ ಮೇಲೆ ಬೆಳಕು ಒಂದಿಷ್ಟೂ ಬಿಡುವುದಿಲ್ಲ.

ಮೊದಲ ವಾರ ನಾನು ಬೇಡದ ಒಂದು ಸಾಲನ್ನು ತೆಗೆಯಲು ಬ್ಲೇಡು ಹಿಡಿದೆ. ಅರುಳ್ ಸರ್ ಕುಳಿತಲ್ಲಿಂದಲೇ ಹೇಳಿದರು:

‘ಕಮಲಾ, ಬ್ಲೇಡು ಕೆಳಗಿಡಮ್ಮಾ. ಫಿಲ್ಮ್ ಕಟ್ ಮಾಡಬಾರ್ದು, ಮುಚ್ಚಬೇಕು. ಕಟ್ ಮಾಡಿದ್ದು ಹೋಯ್ತು. ಮುಚ್ಚಿದ್ದು ಹೋಗಲ್ಲ. ನಾಳೆ ಪಾರ್ಟಿ ಬಂದು ಅದೇ ಬೇಕಿತ್ತು ಅಂದ್ರೆ, ಹತ್ತಿ ಒದ್ದೆ ಮಾಡಿ ಒರೆಸು, ವಾಪಸ್ ಬರ್ತದೆ.’

ಈ ಮಾತನ್ನು ನೀವು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳಲಿಲ್ಲ.

ನನ್ನ ಮೊದಲ ದೊಡ್ಡ ಪ್ರಮಾದ ಹಾವು-ಏಣಿಯದು. ಹೊಸ ವಿನ್ಯಾಸ ಬೇಕೆಂದು ಸಾಹೇಬರು ಹೇಳಿದ್ದರು. ನಾನು ಹಾವುಗಳನ್ನು ಚೆನ್ನಾಗಿ ಬಳುಕಿಸಿ ಬರೆದೆ. ಎಲ್ಲಕ್ಕಿಂತ ಉದ್ದದ ಹಾವನ್ನು ಬಳುಕಿಸುತ್ತ ಬಳುಕಿಸುತ್ತ ಅದರ ಬಾಯಿಯನ್ನು ತಂದು ನೂರನೇ ಮನೆಯಲ್ಲೇ ಇಟ್ಟುಬಿಟ್ಟಿದ್ದೆ. ನಾನೂ ಗಮನಿಸಲಿಲ್ಲ, ಅರುಳ್ ಸರ್ ಕೂಡ ಗಮನಿಸಲಿಲ್ಲ. ಮಾಲು ಅಂಗಡಿ ಸೇರಿತು. ಕೆಲವು ವಾರ ಕಳೆದ ಮೇಲೆ ಬಾಣಸವಾಡಿಯಿಂದ ಹಿರಿಯರೊಬ್ಬರು ಆಟದ ರಟ್ಟನ್ನು ಕಂಕುಳಲ್ಲಿಟ್ಟುಕೊಂಡು ಪ್ರೆಸ್ಸನ್ನು ಹುಡುಕಿಕೊಂಡು ಬಂದರು.

‘ರೀ, ನಾಲ್ಕು ಭಾನುವಾರ ಆಡಿದ್ವಿ. ಮನೇಲಿ ಒಬ್ಬರೂ ಗೆದ್ದಿಲ್ಲ. ನಮ್ಮ ಹೆಂಗಸರು ಗ್ರಹಚಾರ ಅಂತ ಶಾಂತಿ ಮಾಡ್ಸೋಕೆ ಹೊರಟವ್ರೆ. ಸ್ವಲ್ಪ ನೋಡ್ರೀ ಇದನ್ನ!’

ನೋಡಿದೆ. ನೂರನೇ ಮನೆ ಮುಟ್ಟಿದವರೆಲ್ಲ ಹಾವಿನ ಬಾಯಿಗೆ ಬಿದ್ದು ಕೆಳಗಿಳಿಯಬೇಕಿತ್ತು. ಸಾಹೇಬರು ಮೇಲಿನಿಂದ ಇಳಿದು ಬಂದು, ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, ನಗತೊಡಗಿದರು. ಆ ಹಿರಿಯರಿಗೆ ಚಹಾ ತರಿಸಿ, ಹೊಸ ಆಟ ಕೊಟ್ಟು ಕಳುಹಿಸಿದರು. ನನಗೆ ಹೇಳಿದ್ದು ಇಷ್ಟೇ: ‘ಬೇಟಿ, ಆಟ ಅಂದ್ಮೇಲೆ ಒಬ್ಬರಾದ್ರೂ ಮನೆ ಸೇರ್ಬೇಕಲ್ವಾ?’

ಗೋದಾಮಿನಲ್ಲಿ ಉಳಿದಿದ್ದ ರಟ್ಟುಗಳ ಮೇಲೆ, ಆ ಹಾವಿನ ಬಾಯಿಗೆ ಒಂದೊಂದು ನಕ್ಷತ್ರದ ಚೀಟಿ ಅಂಟಿಸಲು ಅಂಟು ಹಚ್ಚುವ ಹೆಂಗಸರನ್ನು ಕೂರಿಸಿದರು. ಅವರ ಸಾಲಿನಲ್ಲಿ ಮೊದಲು ಕೂತವಳು ಮುನಿಯಮ್ಮ. ನನಗಿಂತ ಎಂಟು ಹತ್ತು ವರ್ಷ ದೊಡ್ಡವಳು. ಕೆ.ಆರ್. ಪುರಂ ಆಚೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ನಾನು ಮುನಿಯಕ್ಕ ಎನ್ನುತ್ತಿದ್ದೆ. ಅವಳು ಚೀಟಿ ಅಂಟಿಸುತ್ತ ದಿನವಿಡೀ ನನ್ನನ್ನು ಚುಡಾಯಿಸಿದಳು.

‘ಬಾರವ್ವ ಕಮ್ಲಾ, ನಿನ್ ಹಾವಿನ ಬಾಯಿ ಮುಚ್ಚಿ ಮುಚ್ಚಿ ನನ್ ಬೆಳ್ಳು ಸವೀತು. ಇನ್ನೊಂದ್ ದಪ ಬರಿಯುವಾಗ ಬಾಯಿ ಇಲ್ದಿದ್ ಹಾವೇ ಬರಿ!’

ನಮ್ಮ ಗೆಳೆತನ ಅಲ್ಲಿಂದ ಶುರುವಾಯಿತು.

ಊಟದ ಹೊತ್ತಿನಲ್ಲಿ ಹೆಂಗಸರು ಗೋದಾಮಿನ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಏನೋ ಆಡುತ್ತಿದ್ದರು. ನಾನು ಅದನ್ನು ಚೌಕಾಬಾರ ಎಂದುಕೊಂಡಿದ್ದೆ. ಒಂದು ದಿನ ಹತ್ತಿರ ಹೋಗಿ ನೋಡಿದರೆ ಅಂಥ ಆಟವನ್ನು ನಾನು ಎಲ್ಲೂ ಕಂಡಿರಲಿಲ್ಲ. ಮೇಲಿನಿಂದ ಕೆಳಕ್ಕೆ ಐದು ಕೆರೆ. ಪ್ರತಿ ಆಟಗಾರನಿಗೂ ಕೆಳಗೆ ಒಂದು ಗದ್ದೆ. ಕವಡೆ ಹಾಕಬೇಕು, ಎಷ್ಟು ಬಿತ್ತೋ ಅಷ್ಟು ಹುಣಸೆ ಬೀಜವನ್ನು ಮೇಲಿನ ಕೆರೆಗೆ ಹಾಕಬೇಕು. ಬೀಜವೇ ನೀರು. ಕೆರೆ ತುಂಬಿ ಮಿಕ್ಕರೆ, ಮಿಕ್ಕಿದ್ದು ಕೆಳಗಿನ ಕೆರೆಗೆ ಹೋಗುತ್ತದೆ. ಆಗ ಎಲ್ಲರೂ ಒಟ್ಟಿಗೆ ‘ಕೋಡಿ ಬಿತ್ತು!’ ಎಂದು ಕೂಗುತ್ತಾರೆ. ಕವಡೆಗಳೆಲ್ಲ ಅಂಗಾತ ಬಿದ್ದವರು ತೂಬು ಎತ್ತಬಹುದು, ಅಂದರೆ ಕೆರೆಯ ನೀರನ್ನು ಗದ್ದೆಗಳಿಗೆ ಬಿಡಬಹುದು. ಆದರೆ ಆಟಕ್ಕೆ ಒಂದು ಕಟ್ಟು, ಒಂದು ನಿಯಮ, ಇತ್ತು. ತೂಬು ಎತ್ತಿದವರು ಮೊದಲ ಬೀಜವನ್ನು ತಮ್ಮ ಗದ್ದೆಗೆ ಹಾಕುವಂತಿಲ್ಲ. ಅದು ಕೊನೆಯ ಗದ್ದೆಗೆ, ನೀರು ಕೊನೆಗೆ ಮುಟ್ಟುವುದರಿಂದ ಎಲ್ಲರಿಗಿಂತ ಒಣಗಿರುವ ಗದ್ದೆಗೆ ಹೋಗಬೇಕು.

ಇಷ್ಟು ನಾನು ಕಂಡದ್ದು. ಮುಂದಿನದು ಮುನಿಯಕ್ಕ ಹೇಳಿ ಕೇಳಿದ್ದು.

ಆ ಹೊತ್ತಿಗೆ ತೀರಿಹೋಗಿದ್ದ ಅವಳ ತಂದೆ ಪಿಳ್ಳಪ್ಪ, ಊರಿನ ನೀರಗಂಟಿ. ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನಿರ್ಧರಿಸಿ ಹರಿಸುವವನು. ಒಂದು ವರ್ಷ ಕೆರೆ ಅರ್ಧ ಮಾತ್ರ ತುಂಬಿತು. ತೂಬಿನ ಹತ್ತಿರದ ಗದ್ದೆಯವರು ನಮಗೇ ಮೊದಲು ಎಂದು ಹಟ ಹಿಡಿದರು. ಕೊನೆಯ ಗದ್ದೆಗಳು ಒಣಗತೊಡಗಿದವು. ಮಾತು ಗುದ್ದಲಿ ಎತ್ತುವವರೆಗೆ ಹೋಯಿತು. ಪಿಳ್ಳಪ್ಪ ಅರಳಿಕಟ್ಟೆಯ ಮೇಲೆ ಇದ್ದಿಲಿನಿಂದ ಈ ಆಟ ಬರೆದು, ಜಗಳಕ್ಕೆ ನಿಂತವರನ್ನೇ ಆಡಲು ಕೂರಿಸಿದನಂತೆ. ತೂಬಿನ ಪಕ್ಕದ ಗದ್ದೆಯ ಯಜಮಾನನಿಗೆ ಆಟದಲ್ಲಿ ಕೊನೆಯ ಗದ್ದೆ ಕೊಟ್ಟನಂತೆ. ಮೂರು ಆಟ ಮುಗಿಯುವ ಹೊತ್ತಿಗೆ ಆ ಯಜಮಾನನೇ ‘ಲೋ ಪಿಳ್ಳಾ, ನನ್ ಗದ್ದೆಗೆ ನೀರು ಬುಡೋ’ ಎಂದು ಕೂಗುತ್ತಿದ್ದನಂತೆ. ಆ ವರ್ಷ ಗುದ್ದಲಿ ಮೇಲೇಳಲಿಲ್ಲ. ಮುನಿಯಕ್ಕ ಆಗ ಏಳೆಂಟು ವರ್ಷದವಳು.

‘ಹುಣಸೆ ಬೀಜ ಆಯ್ದು ತಂದ್ಕೊಟ್ಟೋಳು ನಾನೇ ಕಣವ್ವ’ ಎಂದಳು. ‘ನಮ್ಮಪ್ಪಂಗೆ ಓದೂ ಇಲ್ಲ, ಬರಾನೂ ಇಲ್ಲ. ಈ ಆಟ ಒಂದೇ ಅವನು ಬರೆದಿದ್ದು.’

ನಾನು ಅವಳನ್ನು ಸಾಹೇಬರ ಹತ್ತಿರ ಕರೆದುಕೊಂಡು ಹೋದೆ. ಸಾಹೇಬರು ನೆಲದ ಮೇಲೆ ಕೂತು ಎರಡು ಆಟ ಆಡಿ, ಎರಡರಲ್ಲೂ ಸೋತು, ಮೂರನೆಯದಕ್ಕೆ ಹೆಂಡತಿಯನ್ನೂ ಕೆಳಗೆ ಕರೆಸಿದರು. ಅಚ್ಚು ಹಾಕೋಣ ಎಂದರು. ಹೆಸರೇನಿಡುವುದು ಎಂಬ ಪ್ರಶ್ನೆ ಬಂತು. ಅರುಳ್ ಸರ್ ‘ವಾಟರ್ ಚಾಂಪಿಯನ್’ ಎಂದರು.

ಸಾಹೇಬರು ಮುನಿಯಕ್ಕನ ಕಡೆ ತಿರುಗಿದರು. ‘ನಿಮ್ಮನೇಲಿ ಏನಂತೀರಮ್ಮ?’

‘ಏನೂ ಅನ್ನಲ್ಲ ಸಾಬ್ರೇ. ಆಡ್ತೀವಿ, ಅಷ್ಟೇಯ.’

‘ಆಡೋವಾಗ ಜೋರಾಗಿ ಏನು ಕೂಗ್ತೀರಿ?’

‘ಕೋಡಿ ಬಿತ್ತು ಅಂತೀವಿ.’

‘ಬಸ್, ಸಾಕು. ಕೋಡಿ. ಮಕ್ಕಳು ಏನು ಕೂಗ್ತಾರೋ ಅದೇ ಹೆಸರು. ಅಂಗಡೀಲೂ ಹಂಗೇ ಕೂಗಿ ಕೇಳ್ತಾರೆ.’

‘ತಮಿಳಲ್ಲಿ ಕೋಡಿ ಅಂದ್ರೆ ಕೋಟಿ, ತಮಿಳ್ನವರು ಹಂಗಂದ್ಕೊಂಡು ತಗೊಳ್ಳಲಿ, ನಮಗೇನು ನಷ್ಟ’ ಎಂದು ಅರುಳ್ ಸರ್ ತಮ್ಮ ಹೆಸರು ಬಿದ್ದುಹೋದ ಬೇಸರದಲ್ಲೂ ನಕ್ಕರು.

ಮುನಿಯಕ್ಕ ಒಂದೇ ಒಂದು ಕೇಳಿದಳು. ‘ಡಬ್ಬಿ ಮ್ಯಾಲೆ ನಮ್ಮಪ್ಪನ ಹೆಸ್ರು ಹಾಕ್ತೀರಾ?’ ಸಾಹೇಬರು ಧಾರಾಳವಾಗಿ ತಲೆಯಾಡಿಸಿದರು. ನಾನು ಕೈಬರಹದಲ್ಲಿ ಒಂದು ಸಾಲು ಬರೆದೆ: ‘ಈ ಆಟ ಕಟ್ಟಿದವರು ನೀರಗಂಟಿ ಪಿಳ್ಳಪ್ಪ’. ಅದನ್ನು ಡಬ್ಬಿಯ ಮುಚ್ಚಳದ ಕೆಳಗಿನ ಅಂಚಿನಲ್ಲಿ ಅಂಟಿಸಿ, ಫಿಲ್ಮ್ ಮಾಡಿಸಿದೆವು.

ಪ್ರೂಫ್ ತೆಗೆದ ದಿನ ಅಂಗಡಿಗಳಿಗೆ ಮಾಲು ಹಂಚುವ ಏಜೆಂಟ್ ಬಂದಿದ್ದ. ಮುಚ್ಚಳ ನೋಡಿ, ‘ಪಿಳ್ಳಪ್ಪ ಯಾರ್ ಗುರು? ಹಳೇ ಕಾಲದ ಆಟ ಅಂತ ಹಾಕ್ರಿ, ಸ್ಕೂಲ್ನೋರು ತಗೋತಾರೆ’ ಎಂದ. ಸಾಹೇಬರಿಗೆ ಮಸೀದಿಗೆ ಹೊತ್ತಾಗಿತ್ತು. ‘ಕಮಲಾ ಬೇಟಿ, ನೀನೇ ನೋಡಿ ಏನಾದ್ರೂ ಒಳ್ಳೇದು ಬರಿ’ ಎಂದು ಹೊರಟರು.

ಅವರು ಹೆಸರು ತೆಗೆ ಎನ್ನಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಅಂಚಿನಲ್ಲಿ ಒಂದೇ ಸಾಲಿಗೆ ಜಾಗವಿತ್ತು. ನಾನು ಆಯ್ಕೆ ಮಾಡಿದೆ. ‘ಬೆಂಗಳೂರು ಸೀಮೆಯಲ್ಲಿ ರಾಜರ ಕಾಲದಿಂದ ಆಡುತ್ತ ಬಂದ ಪುರಾತನ ಆಟ’ ಎಂದು ಬರೆದೆ. ನನಗೆ ಅದು ಮೋಸ ಎನಿಸಲಿಲ್ಲ, ಮರ್ಯಾದೆ ಎನಿಸಿತು. ನಮ್ಮಲ್ಲಿ ಒಂದು ವಸ್ತುವನ್ನು ಗೌರವಿಸುವ ರೀತಿಯೇ ಅದು. ಅಜ್ಜ ಕಟ್ಟಿಸಿದ ಗುಡಿಯನ್ನೂ ಯಾವ ಕಾಲದ್ದೋ, ಯಾರು ಕಟ್ಟಿದರೋ ಎನ್ನುತ್ತೇವೆ. ಕಟ್ಟಿದವನ ಹೆಸರು ಗೊತ್ತಿದ್ದರೆ ಅದು ಚಿಕ್ಕದಾಗಿಬಿಡುತ್ತದೆ ಎಂಬಂತೆ. ಒಬ್ಬ ಬಡ ನೀರಗಂಟಿಯ ಆಟವನ್ನು ರಾಜರ ಪಕ್ಕ ಕೂರಿಸಿದೆನೆಂದು ನಾನು ಅವತ್ತು ಹೆಮ್ಮೆಪಟ್ಟಿದ್ದೆ.

ಡಬ್ಬಿಯ ಮುಚ್ಚಳಕ್ಕೆ ಅಚ್ಚಾದ ಚೀಟಿ ಅಂಟಿಸುವವಳು ಮುನಿಯಕ್ಕನೇ ಅಲ್ಲವೇ. ಮೊದಲ ಚೀಟಿಯನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದಳು. ಅವಳು ಕೂಡಿಸಿ ಕೂಡಿಸಿ ಓದಬಲ್ಲಳು.

‘ಅಪ್ಪನ ಹೆಸ್ರು ಎಲ್ಲವ್ವ?’

‘ಜಾಗ ಸಾಲ್ಲಿಲ್ಲ ಮುನಿಯಕ್ಕ. ಮುಂದಿನ ಪ್ರಿಂಟಿಂಗ್‌ನಲ್ಲಿ ಹಾಕೋಣ.’

‘ಆಗ್ಲೇಳು’ ಎಂದು ಅಂಟು ಹಚ್ಚಿದಳು.

ಆಟ ಹಬ್ಬಿತು. ಕಮ್ಮನಹಳ್ಳಿಯ ಅಂಗಡಿಗಳಲ್ಲಿ ಬೇಸಿಗೆ ರಜೆಯ ಹೊತ್ತಿಗೆ ಕೋಡಿ ಇದೆಯಾ ಎಂದು ಮಕ್ಕಳು ಕೇಳುವುದನ್ನು ನಾನೇ ಕೇಳಿದ್ದೇನೆ. ಮತ್ತೆ ಮತ್ತೆ ಅಚ್ಚಾಯಿತು. ಪ್ರತಿ ಸಲವೂ ಅವಸರ, ಪ್ರತಿ ಸಲವೂ ಹಳೆಯ ಪ್ಲೇಟು. ಪ್ರತಿ ಸಲವೂ ಮುನಿಯಕ್ಕ ಚೀಟಿ ಎತ್ತಿ ಅಂಚನ್ನು ನೋಡಿ, ನನ್ನನ್ನು ನೋಡುತ್ತಿದ್ದಳು. ನಾನು ‘ಮುಂದಿನ ಪ್ರಿಂಟಿಂಗ್’ ಎನ್ನುತ್ತಿದ್ದೆ. ಆಮೇಲಾಮೇಲೆ ಅವಳೇ ನನಗಿಂತ ಮುಂಚೆ ‘ಮುಂದಿನ್ ಪ್ರಿಂಟಿಂಗು, ಅಲ್ವಾ?’ ಎಂದು ನಗುತ್ತಿದ್ದಳು. ಆ ನಗುವಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನು ಬೇಗ ಎಚ್ಚರಗೊಳ್ಳುತ್ತಿದ್ದೆನೋ ಏನೋ.

ಎರಡು ಸಾವಿರದ ಹೊತ್ತಿಗೆ ನಮ್ಮಲ್ಲೂ ಕಂಪ್ಯೂಟರ್ ಬಂತು. ಅರುಳ್ ಸರ್ ಅದರ ಮುಂದೆ ಒಂದು ವಾರ ಕೈಕಟ್ಟಿ ಕೂತು, ‘ಇದರಲ್ಲಿ ಮುಚ್ಚೋದು ಎಲ್ಲಮ್ಮಾ? ಡಿಲೀಟ್ ಒಂದೇ ಇದೆ’ ಎಂದರು. ಮುಂದಿನ ವರ್ಷ ನಿವೃತ್ತರಾದರು. ಎರಡು ವರ್ಷಕ್ಕೆ ತೀರಿಕೊಂಡರು. ನಾನು ಮೌಸ್ ಹಿಡಿಯಲು ಕಲಿತೆ. ಹಳೆಯ ಫಿಲ್ಮುಗಳು ಮೆಟ್ಟಿಲ ಕೆಳಗಿನ ಕಬ್ಬಿಣದ ಬೀರು ಸೇರಿದವು.

ಆಮೇಲೆ ಒಂದು ದಿನ ಬೇರೆ ಊರಿನ ದೊಡ್ಡ ಆಟಿಕೆ ಕಂಪನಿಯೊಂದು ಇದೇ ಆಟವನ್ನು ಇದೇ ಹೆಸರಿನಲ್ಲಿ ಹೊಳೆಯುವ ಡಬ್ಬಿಯಲ್ಲಿ ತಂದಿತು. ಐದು ಕೆರೆ, ಕೊನೆಯ ಗದ್ದೆಯ ಕಟ್ಟು, ಎಲ್ಲ ಹಾಗೆಯೇ. ಸಾಹೇಬರು ಕೇಸು ಹಾಕಿದರು. ‘ನಮ್ಮ ಮುನಿಯಮ್ಮನ ತಂದೆ ಕಟ್ಟಿದ ಆಟ, ಅದನ್ನ ಕೋರ್ಟಲ್ಲೇ ಹೇಳೋಣ’ ಎಂದರು. ಸಾಕ್ಷಿ ಹೇಳುವ ದಿನ ಮುನಿಯಕ್ಕ ಕೋರ್ಟಿಗೆ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಗೆಲುವು ಸೋಲು ಅವಳಿಗೆ ಗೊತ್ತಿರಲಿಲ್ಲ. ದೊಡ್ಡವರ ಮುಂದೆ ಒಮ್ಮೆ ತಂದೆಯ ಹೆಸರು ಬರೆಸಬೇಕು, ಅಷ್ಟೇ.

ಎದುರು ಪಕ್ಷದ ವಕೀಲರು ವಯಸ್ಸಾದವರು, ಮರ್ಯಾದಸ್ಥರು. ಒಮ್ಮೆಯೂ ದನಿ ಎತ್ತರಿಸಲಿಲ್ಲ.

‘ನಿಮ್ಮ ತಂದೆ ಈ ಆಟ ಮಾಡಿದ್ದು ಯಾವ ವರ್ಷ ಅಮ್ಮ?’ ಎಂದು ಅವಳನ್ನು ಕೇಳಿದರು.

‘ಕೆರೆ ಅರ್ಧ ತುಂಬಿದ್ ವರ್ಷ ಸ್ವಾಮಿ.’

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಅವಳೂ ಏನೆಂದು ತಿಳಿಯದೆ ನಕ್ಕಳು. ಆಮೇಲೆ ನನ್ನನ್ನು ಕರೆದರು. ಆ ವಕೀಲರು ನಮ್ಮದೇ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

‘ಈ ಸಾಲು ಬರೆದೋರು ಯಾರು?’

‘ನಾನೇ ಸರ್.’

‘ಓದಿ.’

ಓದಿದೆ. ರಾಜರ ಕಾಲ, ಪುರಾತನ, ಎಲ್ಲವನ್ನೂ.

‘ಇದು ನಿಜವಾ?’

‘ಅಲ್ಲ ಸರ್. ಆಟ ದೊಡ್ಡದಾಗಿ ಕಾಣ್ಲಿ ಅಂತ ಬರೆದೆ.’

‘ಅವತ್ತು ದೊಡ್ಡದಾಗಿ ಕಾಣ್ಲಿ ಅಂತ ಹಂಗೆ ಬರೆದ್ರಿ. ಇವತ್ತು ನಿಮ್ಮ ಮಾಲೀಕರು ಗೆಲ್ಲಲಿ ಅಂತ ಹಿಂಗೆ ಹೇಳ್ತಿದ್ದೀರಿ. ನಾನು ಯಾವ ಕಮಲಮ್ಮನ್ನ ನಂಬಲಿ?’

ನಾನು ಡಬ್ಬಿಯನ್ನು ವಾಪಸ್ ಕೊಟ್ಟೆ. ಅವರು ಅದನ್ನು ಮೇಜಿನ ಮೇಲಿಟ್ಟರು. ಆಮೇಲೆ ಕೇಳಿದರು: ‘ಮೊದಲು ಪಿಳ್ಳಪ್ಪನ ಹೆಸರು ಹಾಕಿದ್ದೆ ಅಂತೀರಲ್ಲ, ಅದಕ್ಕೆ ಒಂದು ಚೂರು ಕಾಗದ, ಒಂದು ಫಿಲ್ಮ್, ಏನಾದ್ರೂ ಇದೆಯಾ?’

‘ಇಲ್ಲ ಸರ್. ಆ ಸಾಲನ್ನ ನಾನೇ ಬ್ಲೇಡಿನಿಂದ ಕತ್ತರಿಸಿ ತೆಗೆದೆ.’

‘ಚೆನ್ನಾಗಿ ನೆನಪಿದೆಯಾ?’

‘ಚೆನ್ನಾಗಿ ನೆನಪಿದೆ.’

ನಿಜವಾಗಿಯೂ ನೆನಪಿತ್ತು. ಬ್ಲೇಡು ಹಿಡಿದ ಬೆರಳು, ಸುರುಳಿ ಸುತ್ತಿಕೊಂಡು ಬಿದ್ದ ಫಿಲ್ಮಿನ ಎಳೆ, ಎಲ್ಲವೂ ಕಣ್ಣಿಗೆ ಕಟ್ಟಿದಂತೆ ಕಾಣುತ್ತಿತ್ತು. ಆದ್ದರಿಂದ ನಮ್ಮ ವಕೀಲರು ಹಳೆಯ ಬೀರುವನ್ನು ತೆರೆಸಲಿಲ್ಲ. ಯಾರೂ ತೆರೆಯಲಿಲ್ಲ.

ತೀರ್ಪು ನಮ್ಮ ಡಬ್ಬಿಯ ಮಾತನ್ನೇ ನಂಬಿತು. ಆಟ ಪುರಾತನವಾದದ್ದು, ಯಾರೊಬ್ಬರ ಸ್ವತ್ತೂ ಅಲ್ಲ, ಹೆಸರು ಕೂಡ ಎಲ್ಲರೂ ಆಡುವ ಮಾತು, ಇಬ್ಬರೂ ಅಚ್ಚು ಹಾಕಿಕೊಳ್ಳಬಹುದು. ಹೊರಗೆ ಮೆಟ್ಟಿಲ ಮೇಲೆ ಮುನಿಯಕ್ಕ ಕೇಳಿದಳು:

‘ಏನಂದ್ರು? ಅಪ್ಪನ ಹೆಸ್ರು ಬರ್ಕೊಂಡ್ರಾ?’

‘ಇಲ್ಲ ಅಕ್ಕ.’

‘ಮತ್ತೆ ಯಾರ್ದಂತೆ ಆಟ?’

‘ಯಾರದೂ ಅಲ್ಲವಂತೆ.’

ಅವಳು ಸೀರೆಯ ನೆರಿಗೆ ಸರಿಮಾಡಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಸಾಹೇಬರು ಆಟೊ ಹಿಡಿಯುತ್ತೇನೆ ಎಂದರೂ ಕೇಳಲಿಲ್ಲ. ಆ ವರ್ಷವೇ ಬೆರಳು ಮಡಚಲಾಗುತ್ತಿಲ್ಲ ಎಂದು ಕೆಲಸ ಬಿಟ್ಟಳು.

ಕೆಲವು ತಿಂಗಳ ನಂತರ ಇಂದಿರಾನಗರದ ದೊಡ್ಡ ಅಂಗಡಿಯೊಂದರಲ್ಲಿ ಆ ಕಂಪನಿಯ ಹೊಸ ಡಬ್ಬಿಯನ್ನು ನೋಡಿದೆ. ಮುಚ್ಚಳದ ಮೇಲೆ ಕಿರೀಟ ಧರಿಸಿದ ಒಬ್ಬ ರಾಜ ಕವಡೆ ಹಿಡಿದು ಕುಳಿತಿದ್ದ. ಅಂಚಿನಲ್ಲಿ ನನ್ನದೇ ಸಾಲು, ಒಂದು ಅಕ್ಷರವೂ ಬದಲಾಗದೆ ಇತ್ತು. ನಾನು ಬರೆದ ಸಾಲುಗಳಲ್ಲಿ ಅಷ್ಟು ದೂರ ಹೋದದ್ದು ಅದೊಂದೇ.

ಪ್ರೆಸ್ಸು ಮುಚ್ಚುವ ಕಾಲ ಬಂತು. ಸಾಹೇಬರ ಗಂಡುಮಕ್ಕಳಿಗೆ ಬೇರೆ ವ್ಯಾಪಾರವಿತ್ತು. ಮಷೀನನ್ನು ಒಬ್ಬರು ಕೊಂಡಿದ್ದರು, ಮುಂದಿನ ವಾರ ಒಯ್ಯುವವರಿದ್ದರು. ಬೀರುವಿನಲ್ಲಿದ್ದ ಫಿಲ್ಮುಗಳನ್ನು ಹಳೇ ಸಾಮಾನಿನವನಿಗೆ ಕೊಡುವ ಮೊದಲು ಒಂದು ಸಲ ನೋಡು ಎಂದು ಸಾಹೇಬರು ನನಗೆ ಹೇಳಿದರು. ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ ಹೋದೆ. ನೂರನೇ ಮನೆಯ ಹಾವು ಸಿಕ್ಕಿತು. ಅದರ ಕೆಳಗಿನ ಲಕೋಟೆಯಲ್ಲಿ ಕೋಡಿ.

ಮುಚ್ಚಳದ ಫಿಲ್ಮನ್ನು ಎತ್ತಿದೆ. ಅದರ ಕೆಳತುದಿಗೆ ನನ್ನ ರಾಜರ ಸಾಲನ್ನು ಬೇರೆ ತುಂಡಾಗಿ ಜೋಡಿಸಿ ಅಂಟಿಸಿತ್ತು. ಆ ಸಾಲಿಗಿಂತ ಸ್ವಲ್ಪ ಮೇಲೆ, ಎಡಕ್ಕೆ, ಒಂದು ಗೇಣಿಗಿಂತ ಚಿಕ್ಕದಾದ ಕೆಂಪು ಪಟ್ಟಿ. ಎಲ್ಲೂ ಕತ್ತರಿಸಿದ ಗುರುತಿಲ್ಲ. ಬೆರಳಿನಿಂದ ಮುಟ್ಟಿ ನೋಡಿದೆ. ಉಬ್ಬು ಸಿಕ್ಕಿತು. ಬಣ್ಣ.

ನಾನು ಅರುಳ್ ಸರ್ ಹೇಳಿದಂತೆಯೇ ಮಾಡಿದ್ದೆ. ಮುಚ್ಚಿದ್ದೆ. ಕತ್ತರಿಸಿರಲಿಲ್ಲ. ವರ್ಷಗಟ್ಟಲೆ ಮುಂದಿನ ಪ್ರಿಂಟಿಂಗ್ ಎಂದು ಹೇಳಿ ಹೇಳಿ, ಒಳಗೇ ನನ್ನನ್ನು ನಾನು ಬೈದುಕೊಂಡು ಬೈದುಕೊಂಡು, ನೆನಪೇ ಕೈಗೆ ಬ್ಲೇಡು ಕೊಟ್ಟಿತ್ತು. ತಪ್ಪು ಮಾಡಿದ್ದೇನೆ ಎಂದು ಗೊತ್ತಿದ್ದವರು ತಮ್ಮ ತಪ್ಪನ್ನು ಚಿಕ್ಕದು ಮಾಡಿ ನೆನೆಯುತ್ತಾರೆ ಎನ್ನುತ್ತಾರೆ. ನನ್ನ ವಿಷಯದಲ್ಲಿ ಅದು ದೊಡ್ಡದಾಗಿತ್ತು. ಆ ದೊಡ್ಡದೇ ಅವಳ ಕೇಸಿಗೆ ಇದ್ದ ಒಂದೇ ಸಾಕ್ಷಿಯನ್ನು ಬೀರುವಿನಲ್ಲೇ ಮುಚ್ಚಿಟ್ಟಿತು.

ಒರೆಸಲು ಕೈ ಬರಲಿಲ್ಲ. ಸಾಹೇಬರಿಗೆ ತೋರಿಸಿದೆ. ಅವರು ವಕೀಲರಿಗೆ ಫೋನ್ ಮಾಡಿದರು. ಮೇಲಿನ ಕೋರ್ಟಿಗೆ ಹೋಗುವ ಗಡುವು ಎಂದೋ ಮುಗಿದಿತ್ತು. ಅವರು ಫೋನ್ ಇಟ್ಟು, ಮಷೀನಿನ ಕಡೆ ನೋಡಿ, ‘ಕೇಸ್ ಬಿಡು ಬೇಟಿ. ಇಬ್ಬರೂ ಅಚ್ಚು ಹಾಕ್ಬಹುದು ಅಂದಿದ್ದಾರಲ್ಲ ಜಡ್ಜು. ಮಷೀನ್ ಇನ್ನೂ ಇಲ್ಲೇ ಇದೆ. ಮೊದಲು ಮುನಿಯಮ್ಮನ ಹತ್ರ ಹೋಗಿ ಬಾ’ ಎಂದರು.

ಫಿಲ್ಮನ್ನು ಚೀಲದಲ್ಲಿಟ್ಟುಕೊಂಡು ಕೆ.ಆರ್. ಪುರಂ ದಾಟಿ ಅವಳ ಹಳ್ಳಿಗೆ ಹೋದೆ. ಹಳ್ಳಿ ಎನ್ನುವಂತೆ ಈಗ ಇಲ್ಲ. ಮಗ ಕಟ್ಟಿದ ಬಾಡಿಗೆ ಮನೆಗಳ ನಡುವೆ ಅವಳ ಮನೆ. ಕೆರೆಯ ಜಾಗದಲ್ಲಿ ಬಡಾವಣೆ. ತೂಬಿನ ಕಲ್ಲನ್ನು ಯಾರೋ ಎತ್ತಿ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ನೆಟ್ಟಿದ್ದರು, ಸ್ಕೂಟರ್ ಒರಗಿಸಲು.

ನಡೆದದ್ದನ್ನೆಲ್ಲ ಹೇಳಿದೆ. ಜಾಗ ಸಾಲಲಿಲ್ಲ ಎಂದು ಹೇಳಿದ್ದು ಪೂರ್ತಿ ನಿಜವಲ್ಲ, ಜಾಗವಿತ್ತು, ನಾನು ರಾಜರಿಗೆ ಕೊಟ್ಟೆ ಎಂದೂ ಹೇಳಿದೆ. ಕೋರ್ಟಿನಲ್ಲಿ ನಾನು ಹೇಳಿದ್ದು ತಪ್ಪು ಎಂದೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಕೊನೆಗೆ, ‘ತಾ ಅದನ್ನ’ ಎಂದಳು.

ಒಂದು ಬಟ್ಟಲಿನಲ್ಲಿ ನೀರು, ಸ್ವಲ್ಪ ಹತ್ತಿ. ನಾನು ಒರೆಸತೊಡಗಿದೆ. ಹತ್ತಿ ಕೆಂಪಾಯಿತು, ಬದಲಿಸಿದೆ, ಮತ್ತೆ ಕೆಂಪಾಯಿತು. ಮೊದಲು ಬಂದದ್ದು ಕೊನೆಯ ಅಕ್ಷರ. ಆಮೇಲೆ ‘ಳ್ಳ’. ಅವಳು ತಡೆಯಲಾರದೆ ನನ್ನ ಕೈಯಿಂದ ಹತ್ತಿ ಕಿತ್ತುಕೊಂಡು, ಮಡಚದ ಬೆರಳುಗಳಿಂದ ತಾನೇ ಒರೆಸಿದಳು. ಪೂರ್ತಿ ಬಂದ ಮೇಲೆ ಫಿಲ್ಮನ್ನು ಕಿಟಕಿಗೆ ಎತ್ತಿ ಹಿಡಿದಳು. ಸುತ್ತ ಕಪ್ಪು, ಅಕ್ಷರಗಳಲ್ಲಿ ಮಾತ್ರ ಬಿಸಿಲು. ಕೂಡಿಸಿ ಕೂಡಿಸಿ ಓದಿದಳು. ನೀ-ರ-ಗಂ-ಟಿ. ಪಿ-ಳ್ಳ-ಪ್ಪ.

‘ಇಲ್ಲೇ ಇದ್ಯಾ?’ ಎಂದಳು ಫಿಲ್ಮಿಗೆ. ‘ಇಷ್ಟ್ ವರ್ಷ ಬಣ್ಣದ್ ಕೆಳ್ಗೆ ಉಸ್ರು ಹಿಡ್ಕೊಂಡ್ ಕೂತಿದ್ಯಾ?’

ನಾನು ಅತ್ತೆ. ಅವಳು ಅಳಲಿಲ್ಲ. ‘ನೀರು ಚೆಲ್ಲೀಯ, ಬಟ್ಲು ಎತ್ತಿಡು’ ಎಂದಳು.

ಮಷೀನು ಒಯ್ಯುವ ಹಿಂದಿನ ದಿನ ಕೊನೆಯ ಸಲ ಕೋಡಿ ಅಚ್ಚಾಯಿತು. ಪ್ಲೇಟು ಮಾಡುವ ಮೊದಲು ನಾನು ಒಣಗಿದ್ದ ಹಳೆಯ ಕೆಂಪು ಬಣ್ಣಕ್ಕೆ ನೀರು ಹಾಕಿ ಕಲಸಿ, ನನ್ನ ರಾಜರ ಸಾಲಿನ ಮೇಲೆ ಬಳಿದೆ. ಅದನ್ನು ಕಿತ್ತೆಸೆಯಬಹುದಿತ್ತು, ಕಿತ್ತೆಸೆಯಲಿಲ್ಲ. ಮುಂದೆ ಯಾರಾದರೂ ಒರೆಸಿ ನೋಡಿದರೆ ನಾನು ಏನು ಬರೆದಿದ್ದೆ ಎನ್ನುವುದೂ ಅವರಿಗೆ ಕಾಣಬೇಕು. ಡಿಸೈನ್ ಕಲಿಯುವ ಮಕ್ಕಳೇ, ನಿಮಗೆ ನಾನು ಕಲಿಸಬಲ್ಲ ಕೆಲಸ ಇದೊಂದೇ. ಅಳಿಸುವ ಮುನ್ನ ಹಳೆಯದನ್ನು ಎಲ್ಲಾದರೂ ಇಟ್ಟುಕೊಳ್ಳಿ. ನಿಮ್ಮ ನೆನಪನ್ನು ನಂಬಿ ಕೂರಬೇಡಿ.

ಮುನಿಯಕ್ಕ ಬೆಳಿಗ್ಗೆಯೇ ಬಂದು ತನ್ನ ಹಳೆಯ ಜಾಗದಲ್ಲಿ ಕೂತಿದ್ದಳು. ಬೆರಳು ಮಡಚದಿದ್ದರೂ ಅಂಗೈ ಇತ್ತಲ್ಲ. ಚೀಟಿಯ ಮೇಲೆ ಅಂಗೈ ಎಳೆದು ಒಂದು ಸುಕ್ಕೂ ಇಲ್ಲದಂತೆ ಅಂಟಿಸಿದಳು. ಚೀಟಿ ಎತ್ತಿದಾಗಲೆಲ್ಲ ಅಭ್ಯಾಸದಂತೆ ಅಂಚು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

‘ಮುಂದಿನ್ ಪ್ರಿಂಟಿಂಗು ಬಂತಾ?’

‘ಬಂತು ಅಕ್ಕ.’

ಮೊದಲ ಡಬ್ಬಿ ಒಣಗಿದಾಗ ಸಾಹೇಬರು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಕೊಟ್ಟರು. ‘ತಗೋಮ್ಮ. ನಿಮ್ಮ ತಂದೆಯದು.’ ಅವಳು ಅದನ್ನು ಕಣ್ಣಿಗೊತ್ತಿಕೊಂಡು, ತಿರುಗಿ, ನನ್ನ ಮಡಿಲಲ್ಲಿಟ್ಟಳು.

‘ಏನಕ್ಕ ಇದು? ಮೊದಲನೇದು ನಿನಗೆ ಸೇರಬೇಕು’ ಎಂದೆ.

‘ಆಟದ್ ಕಟ್ಟು ಮರೆತ್ಯಾ? ಮೊದಲ್ನೇದು ಕೊನೇ ಗದ್ದೆಗೆ.’

‘ಕೊನೇ ಗದ್ದೆ ನಿನ್ನದಲ್ವಾ? ಇಷ್ಟು ವರ್ಷ ಕಾದೋಳು ನೀನು.’

‘ನಾನ್ಯಾಕೆ ಒಣಗ್ಲಿ? ಅಪ್ಪನ ಹೆಸ್ರು ನಂಗೆ ದಿನಾ ಗೊತ್ತಿತ್ತಲ್ಲ’ ಎಂದಳು ಮುನಿಯಕ್ಕ, ಮುಂದಿನ ಚೀಟಿಗೆ ಅಂಟು ಹಚ್ಚುತ್ತ. ‘ನಿನ್ನನ್ನೇ ಬೈಕೊಂಡ್ ಬೈಕೊಂಡ್ ಒಣಗಿದ್ದು ನಿಂದು ಕಣೇ. ಇಟ್ಕೋ.’